ಕಣ್ಣಿಗೊತ್ತಿಕೊಂಡ ಕೈ

ಮೊನ್ನೆ ಬೆಳಿಗ್ಗೆ ಮುಂಬಯಿಯ ವಿಲೆ ಪಾರ್ಲೆಯಲ್ಲಿ ಲೋಕಲ್ ರೈಲಿನ ಲೇಡೀಸ್ ಡಬ್ಬಿ ಹತ್ತಿದವಳಿಗೆ ನೋವಿನ ಪಟ್ಟಿಯ ವಾಸನೆ ಬಂತು. ಬೆನ್ನಿಗೋ ಸೊಂಟಕ್ಕೋ ಅಂಟಿಸಿಕೊಳ್ಳುತ್ತಾರಲ್ಲ, ಕರ್ಪೂರ ಪುದೀನ ಕಲಸಿದ ಹಾಗೆ ಕಣ್ಣು ಚುರ್ ಎನಿಸುವ ವಾಸನೆ, ಅದೇ. ಬಾಗಿಲ ಪಕ್ಕದ ಕಂಬ ಹಿಡಿದು ನಿಂತಿದ್ದ ಹೆಂಗಸಿನ ಕುತ್ತಿಗೆಯ ಹಿಂದೆ ಅಂಥದ್ದೊಂದು ಪಟ್ಟಿ ಇತ್ತು. ಬೇರೆಯವರಿಗಾದರೆ ಆ ವಾಸನೆಗೆ ಅಜ್ಜಿ ನೆನಪಾದಾಳು. ನನಗೆ ಅಂಗೈ ಬೆವರಿತು. ಇಷ್ಟು ವರ್ಷವಾದ ಮೇಲೂ ಹೀಗೆ...

ಅದು ನಮ್ಮ ಟೀಚರ್ ವಾಸನೆ. ಟೀಚರ್ ಚೀನಾದವರು. ಗಂಡನಿಗೆ ಏರ್‌ಪೋರ್ಟ್ ಕಡೆಯ ಯಾವುದೋ ಕಂಪನಿಯಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿ ನಮ್ಮ ಬಿಲ್ಡಿಂಗಿಗೇ ಬಾಡಿಗೆಗೆ ಬಂದಿದ್ದರು. ಅಪ್ಪ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲೊಂದರಲ್ಲಿ ಕ್ಯಾಶ್ ಕೌಂಟರಿನಲ್ಲಿ ಕೂರುತ್ತಿದ್ದರು. ಟೀಚರ್ ದಿನಾ ಅಲ್ಲಿಗೆ ಬಂದು ಇಡ್ಲಿ ತಿಂದು, ಚಟ್ನಿಯನ್ನು ಹಾಗೇ ಬಿಟ್ಟು ಹೋಗುತ್ತಿದ್ದರಂತೆ. ಚಟ್ನಿ ಬಿಡುವ ಗಿರಾಕಿ ಅಂದರೆ ಅಪ್ಪನಿಗೆ ಸ್ವಲ್ಪ ಅನುಮಾನ.

ನಾನು ಬಿಲ್ಡಿಂಗಿನ ಕಂಪೌಂಡಿನಲ್ಲಿ ಚಕ್ರದ ಸ್ಕೇಟ್ ಕಟ್ಟಿಕೊಂಡು ಕಾರುಗಳ ನಡುವೆ ಸುತ್ತುವುದನ್ನು ಅವರು ಬಾಲ್ಕನಿಯಿಂದ ನೋಡುತ್ತಿದ್ದರು. ಒಂದು ದಿನ ಕೆಳಗಿಳಿದು ಬಂದು ನನ್ನ ಮೊಣಕಾಲು ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದರು, ಹೆಣ್ಣು ನೋಡಲು ಬಂದವರು ಜಡೆ ಎಳೆದು ನೋಡಿದ ಹಾಗೆ. ಮಾಲ್ ಒಂದರಲ್ಲಿ ಆಗ ಪುಟ್ಟ ಐಸ್ ರಿಂಕ್, ಜಾರಿ ಆಡುವ ಮಂಜುಗಡ್ಡೆಯ ಅಂಗಳ, ಇತ್ತು, ಅಲ್ಲಿ ಅವರು ಮಕ್ಕಳಿಗೆ ಕಲಿಸುತ್ತಿದ್ದರು. ನನ್ನನ್ನೂ ಕರೆದುಕೊಂಡು ಹೋದರು. ನನಗೆ ಹದಿನಾಲ್ಕು ವರ್ಷ. ಒಬ್ಬಳೇ ಕುಣಿಯುವುದು ಕಲಿಸುತ್ತಾರೆ ಅಂದುಕೊಂಡರೆ, ಅವರು ಕಲಿಸುತ್ತಿದ್ದುದು ಜೋಡಿ ಸ್ಕೇಟಿಂಗ್.

ಜೋಡಿ ಅಂದರೆ ಒಬ್ಬ ಹುಡುಗ, ಒಬ್ಬಳು ಹುಡುಗಿ. ಹುಡುಗ ಜಾರುತ್ತ ಜಾರುತ್ತಲೇ ಹುಡುಗಿಯನ್ನು ತಲೆಯ ಮೇಲೆ ಎತ್ತಬೇಕು, ತಿರುಗಿಸಬೇಕು, ಇಳಿಸಬೇಕು. ಆಗ ಅವಳಿಗೂ ನೆಲಕ್ಕೂ ನಡುವೆ ಇರುವುದು ಅವನ ಅಂಗೈ, ಅಷ್ಟೇ. ಕೆಳಗೆ ಕಲ್ಲಿನಂಥ ಐಸು, ಕಾಲಿಗೆ ಕತ್ತಿಯಂಥ ಬ್ಲೇಡು. ಇದನ್ನು ಕೇಳಿ ಅಮ್ಮ ಅಂದದ್ದು ಒಂದೇ ಮಾತು: "ಎಂಥದು ಮಾರಾಯ್ತಿ ಇದು, ಆಟವಾ ಇಲ್ಲ ಸರ್ಕಸ್ಸಾ?" ಆದರೂ ಕಳಿಸಿದಳು. ತಾನೂ ಬಂದಳು. ಮುಂಬಯಿಯ ಮೇ ತಿಂಗಳಲ್ಲಿ ಸ್ವೆಟರ್ ಹಾಕಿ ತಲೆಗೆ ಮಫ್ಲರ್ ಸುತ್ತಿ ಲೋಕಲಿನಲ್ಲಿ ಕೂತು ಬರುತ್ತಿದ್ದಳು, ಜನ ನೋಡಿದರೆ ನೋಡಲಿ ಎಂದು. ರಿಂಕ್ ಬದಿಯ ಬೆಂಚಿನಲ್ಲಿ ಕೂತು, ನನ್ನನ್ನು ಎತ್ತುವ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಚುತ್ತಿದ್ದಳು.

ನನ್ನ ಜೋಡಿ ಆಂಟಾಪ್ ಹಿಲ್‌ನ ಹುಡುಗ. ಬಿಜಾಪುರ ಕಡೆಯ ಮುಸ್ಲಿಮರು, ಅವನ ಅಪ್ಪ ಎಸಿ ರಿಪೇರಿ ಮಾಡುತ್ತಿದ್ದರು. ನನಗಿಂತ ನಾಲ್ಕು ವರ್ಷ ದೊಡ್ಡವನು, ಮಾತು ಕಡಿಮೆ. ನಾನು ಬೆವರುವುದು ಅವನ ಅಂಗೈಗೆ ಗೊತ್ತಾಗುತ್ತಿತ್ತು. "ನಿನ್ ಕೈ ಮೀನ್ ಹಿಡ್ದಂಗ ಆಗ್ತೈತಿ ನೋಡು," ಅನ್ನುತ್ತ ತನ್ನ ಅಂಗಿಗೆ ನನ್ನ ಕೈ ಒರೆಸುತ್ತಿದ್ದ. ನಿಜವಾಗಿ ಹೇಳುತ್ತೇನೆ, ನಾನು ಅಲ್ಲಿ ಒಂದು ದಿನವೂ ಹೆದರದೆ ಕಳೆದದ್ದಿಲ್ಲ. ಹಿಂದಿನ ಸಂಜೆಯೇ ಊಟ ಬೇಡವಾಗುತ್ತಿತ್ತು. ಮೇಲೆ ಹೋದಾಗ ಮಾಲಿನ ದೀಪಗಳು ತಿರುಗುತ್ತಿದ್ದವು, ಕೆಳಗೆ ಅವನ ಉಸಿರು ಕೇಳುತ್ತಿತ್ತು, ಈ ಉಸಿರು ಒಮ್ಮೆ ತಪ್ಪಿದರೆ ನನ್ನ ಕತೆ ಮುಗಿಯಿತು ಅನ್ನಿಸುತ್ತಿತ್ತು. ಹಾಗಾದರೆ ಬಿಡಬಹುದಿತ್ತಲ್ಲ ಎಂದು ಕೇಳುತ್ತೀರಿ. ಹೇಗೆ ಬಿಡುವುದು ಹೇಳಿ, ಇಳಿದ ಮೇಲಿನ ಆ ಒಂದು ಗಳಿಗೆಯಂಥದ್ದು ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಟೀಚರ್ ತಮ್ಮ ಕತೆಯನ್ನು ಒಟ್ಟಿಗೆ ಎಂದೂ ಹೇಳಿದವರಲ್ಲ. ತರಕಾರಿಯವರ ಹತ್ತಿರ ಕಲಿತ ಹರಕು ಹಿಂದಿಯಲ್ಲಿ, ನನ್ನ ಶೂ ಲೇಸ್ ಬಿಗಿಯುತ್ತ, ತುಂಡು ತುಂಡಾಗಿ ಹೇಳುತ್ತಿದ್ದರು. ಉತ್ತರದ ಒಂದು ಚಳಿ ಊರು. ಇನ್ನೂ ಹಾಲು ಹಲ್ಲು ಇರುವಾಗಲೇ ಯಾರೋ ಬಂದು ಮೊಣಕಾಲು ತಿರುಗಿಸಿ ನೋಡಿ ಆರಿಸಿದ್ದರು. ಆಮೇಲೆ ಹಾಸ್ಟೆಲು. ಹನ್ನೆರಡಕ್ಕೆ ಒಬ್ಬ ಹುಡುಗನ ಜೊತೆ ಜೋಡಿ ಮಾಡಿದರು, ಅವನ ಜೊತೆಗೇ ದೇಶ ದೇಶ ತಿರುಗಿದರು. ಒಂದು ದೊಡ್ಡ ಸ್ಪರ್ಧೆಯಲ್ಲಿ ಅವನು ಗಾಳಿಗೆ ಎಸೆದಾಗ ಇವರು ಮುಖ ಅಡಿಯಾಗಿ ಬಿದ್ದರು. ಹುಬ್ಬಿನ ಮೇಲೆ ಬಿಳಿ ಗೆರೆ ಇತ್ತು, ಅದು ಆವತ್ತಿನದು. ಹಾಡು ನಿಲ್ಲಲಿಲ್ಲವಂತೆ. ಹಾಡು ನಿಲ್ಲದಿದ್ದರೆ ನಾವೂ ನಿಲ್ಲುವ ಹಾಗಿಲ್ಲ ಎಂದು ರಕ್ತ ಒರೆಸಿಕೊಂಡು ಮತ್ತೆ ಅವನ ಕೈ ಹಿಡಿದರಂತೆ. ನಾಲ್ಕನೆಯವರಾದರು. ನಾಲ್ಕನೆಯವರಿಗೆ ಪದಕ ಇಲ್ಲ.

ಆ ಬಿದ್ದದ್ದರ ನಂತರ ಐಸಿಗೆ ಇಳಿಯುವ ಮೊದಲು ಪ್ರತಿ ಬೆಳಿಗ್ಗೆ ವಾಂತಿ ಮಾಡಿಕೊಳ್ಳುತ್ತಿದ್ದೆ ಎಂದರು. ಮಾಡಿಕೊಂಡು, ಬಾಯಿ ಮುಕ್ಕಳಿಸಿ, ಹೋಗಿ ಎಸೆಸಿಕೊಳ್ಳುವುದು. ಹಾಗೆಯೇ ವರ್ಷಗಳು ಹೋದವು. ಕೊನೆಗೊಂದು ಬೆಳಿಗ್ಗೆ ಅಭ್ಯಾಸಕ್ಕೆ ಹೋದರೆ ಅವನ ಪಕ್ಕದಲ್ಲಿ ಇವರಿಗಿಂತ ಚಿಕ್ಕ, ಇವರಿಗಿಂತ ಹಗುರದ ಒಬ್ಬ ಹುಡುಗಿ ನಿಂತಿದ್ದಳು. ಅಲ್ಲಿಗೆ ಮುಗಿಯಿತು. "ಅವತ್ತು ಹೆದರಿಕೆ ಹೋಯಿತಾ ಟೀಚರ್?" ಎಂದು ಕೇಳಿದ್ದೆ. ಅವರು ತಲೆಯಾಡಿಸಿ ನನ್ನ ಹೊಟ್ಟೆ ಮುಟ್ಟಿದರು. "ಡರ್ ಇಧರ್ ರಖೋ," ಎಂದರು. ಆಮೇಲೆ ನನ್ನ ಅಂಗೈ ತಟ್ಟಿ, "ಇಧರ್ ನಹೀ." ಹೆದರಿಕೆ ಹೊಟ್ಟೆಯಲ್ಲಿರಲಿ, ಕೈಗೆ ಬರುವುದು ಬೇಡ. ಅವರ ವಿದ್ಯೆಯೆಲ್ಲ ಇಷ್ಟೇ ಇತ್ತು ಅಂತ ಈಗ ಅನ್ನಿಸುತ್ತದೆ.

ಉತ್ತರದ ಬೆಟ್ಟದ ಊರೊಂದರಲ್ಲಿ ಸ್ಪರ್ಧೆ ನಿಗದಿಯಾಯಿತು. ಹೊರಡಲು ಸ್ವಲ್ಪ ದಿನ ಇರುವಾಗ ನಾನು ಬಿದ್ದೆ. ಲಿಫ್ಟ್, ಅಂದರೆ ಅವನು ನನ್ನನ್ನು ಎತ್ತುವುದು, ಚೆನ್ನಾಗಿಯೇ ಬಂದಿತ್ತು. ಇಳಿಯುವಾಗ ನನ್ನ ಬೂಟಿನ ಬದಿ ಅವನ ಕಿವಿಯನ್ನು ಸವರಿತು. ಅಷ್ಟೇ. ನನ್ನ ಬಲಗೈ ಅವನ ಕೈಯಿಂದ ತಾನಾಗಿ ಬಿಟ್ಟುಕೊಂಡಿತು. ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ, ದೀಪಗಳು ಇರಬಾರದ ಕಡೆ ಇದ್ದವು... ಅವನು ಮೈ ತಿರುಚಿ ನನ್ನ ಅಡಿಗೆ ಬಂದದ್ದಕ್ಕೆ ನನ್ನ ತಲೆ ಐಸಿಗೆ ಬಡಿಯಲಿಲ್ಲ, ಅವನ ಎದೆಗೆ ಬಡಿಯಿತು. ಇಬ್ಬರಿಗೂ ಮೂಳೆ ಮುರಿಯಲಿಲ್ಲ, ಪುಣ್ಯ. ಟೀಚರ್ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ಕೈ ಯಾಕೆ ಬಿಟ್ಟೆ, ಯಾಕೆ ಬಿಟ್ಟೆ ಎಂದು ಕೇಳಿದ್ದನ್ನೇ ಕೇಳಿದರು. ನನಗೆ ಗೊತ್ತಿದ್ದರೆ ತಾನೆ.

ಗೊತ್ತಿದ್ದದ್ದು ಅಮ್ಮನಿಗೆ. ಅವಳು ಮಫ್ಲರ್ ಜಾರಿದ್ದೂ ಗೊತ್ತಾಗದೆ ಬೇಲಿ ಹಿಡಿದು ನಿಂತಿದ್ದಳು. ಆವತ್ತು ಯಾಕೋ ಕಣ್ಣು ಮುಚ್ಚಿರಲಿಲ್ಲ. "ಕಾಲು ತಾಗಿತಲ್ಲ ಅವನಿಗೆ, ಮತ್ತೆ? ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಲಿಕ್ಕೆ ಹೋಯ್ತು ಕೈ," ಎಂದಳು, ಇದರಲ್ಲಿ ಕೇಳುವುದೇನುಂಟು ಎಂಬ ಹಾಗೆ. ಹೌದು. ಯಾರಿಗೆ ಕಾಲು ತಾಗಿದರೂ ಅವರನ್ನು ಮುಟ್ಟಿ ಕೈ ಕಣ್ಣಿಗೊತ್ತಿಕೊಳ್ಳಬೇಕು ಎಂದು ನಡೆಯಲು ಬಂದಾಗಿನಿಂದ ಕಲಿಸಿದವಳು ಅವಳೇ. ಪುಸ್ತಕಕ್ಕೆ ತಾಗಿದರೂ ಅದೇ, ಬಸ್ಸಿನಲ್ಲಿ ಅಪರಿಚಿತರಿಗೆ ತಾಗಿದರೂ ಅದೇ. ನನ್ನ ಕೈ ಗಾಳಿಯಲ್ಲಿಯೂ ಅದನ್ನು ಮರೆತಿರಲಿಲ್ಲ.

ಟೀಚರಿಗೆ ಇದನ್ನು ಹಿಂದಿಯಲ್ಲಿ ಬಿಡಿಸಿ ಹೇಳಿದ್ದಾಯಿತು. ಹೆದರಿ ಕೈ ಬಿಟ್ಟವರನ್ನು ಅವರು ಕಂಡಿದ್ದರು, ಸಿಟ್ಟಿನಲ್ಲಿ ಬಿಟ್ಟವರನ್ನೂ ಕಂಡಿದ್ದರು. ಮರ್ಯಾದೆಗೆ ಕೈ ಬಿಟ್ಟವಳು ನಾನೇ ಮೊದಲನೆಯವಳು. ನಗುತ್ತಾರೆ ಅಂದುಕೊಂಡೆ, ನಗಲಿಲ್ಲ. ಅಮ್ಮ ಮಾತ್ರ ಖಡಾಖಂಡಿತ ಹೇಳಿಬಿಟ್ಟಳು, ಇನ್ನೊಂದು ಸಲ ಕೈ ಬಿಟ್ಟರೆ ಸ್ಕೇಟಿಂಗೂ ಇಲ್ಲ ಗೀಟಿಂಗೂ ಇಲ್ಲ. ಅಮ್ಮನ ಮಾತಿಗಿಂತ ನನಗೆ ನನ್ನ ಕೈಯದೇ ಭಯ. ನಾನು ಹೇಳಿದರೆ ಕೇಳದ ಕೈ. ಅದಕ್ಕೆ ಬುದ್ಧಿ ಹೇಳುವುದಾದರೂ ಹೇಗೆ?

ಮರುದಿನ ಟೀಚರ್ ನಮ್ಮಿಬ್ಬರನ್ನೂ ಐಸಿಗೆ ಇಳಿಯುವ ಮೊದಲೇ ತಡೆದು ನಿಲ್ಲಿಸಿದರು. ಅವನ ತಲೆ ಮುಟ್ಟು, ಭುಜ ಮುಟ್ಟು, ಕಣ್ಣಿಗೊತ್ತಿಕೋ ಎಂದರು. ಇವತ್ತು ತಾಗುವುದಕ್ಕೆಲ್ಲ ಈಗಲೇ ಮಾಡಿ ಮುಗಿಸು, ಮೇಲೆ ಹೋದಾಗ ಬಾಕಿ ಇಡಬೇಡ. ನಾನು ಹಾಗೆ ಮಾಡಿದೆ. ನೀನೂ ಮಾಡು ಎಂದು ಅವನಿಗೂ ಹೇಳಿದರು. ಅವನು ಸ್ವಲ್ಪ ನಾಚಿಕೊಂಡು, "ನಮ್ ಮನ್ಯಾಗ ರೊಟ್ಟಿ ಕೆಳಗ ಬಿದ್ರ ಹಿಂಗ ಎತ್ತಿ ಕಣ್ಣಿಗಿ ಹಚ್ಕೋತೇವಿ," ಎಂದ. "ಹಂಗಾರ ನಾನು ರೊಟ್ಟಿಯಾ?" ಎಂದು ನಾನು ಅವನ ಧಾಟಿಯಲ್ಲೇ ಕೇಳಿದೆ. "ಬೀಳಬ್ಯಾಡ ಮತ್ತ," ಎಂದ. ಅಂದಿನಿಂದ ದಿನಾ ಅದು ನಮ್ಮ ಪಾಠದ ಮೊದಲ ಭಾಗವಾಯಿತು.

ಬೆಟ್ಟದ ಊರಿನಲ್ಲಿ ಸ್ಪರ್ಧೆಯ ದಿನ ನನ್ನ ಹಲ್ಲು ಕಟಕಟ ಎನ್ನುತ್ತಿತ್ತು, ಚಳಿಗೆ ಎಂದು ಎಲ್ಲರಿಗೂ ಹೇಳಿದೆ. ಅವನ ತಲೆ, ಭುಜ ಮುಟ್ಟಿ ಕಣ್ಣಿಗೊತ್ತಿಕೊಂಡು ಇಳಿದೆ. ಲಿಫ್ಟಿನಿಂದ ಇಳಿಯುವಾಗ ನನ್ನ ಬೂಟು ಮತ್ತೆ ಅವನಿಗೆ ತಾಗಿತು. ಕೈ ಒಮ್ಮೆ ನಡುಗಿತು. ಬಿಡಲಿಲ್ಲ. ಅದೇ ತಿರುವಿನಲ್ಲಿ ಬೇಲಿಯಾಚೆ ನಿಂತ ಟೀಚರ್ ಕಂಡರು. ಅಮ್ಮನ ಹಾಗೆಯೇ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದರು, ಎರಡೂ ಕೈ ಹೊಟ್ಟೆಯ ಮೇಲಿತ್ತು. ನಾವು ಕೊನೆಯ ಸ್ಥಾನಕ್ಕೆ ಬಂದೆವು. ಟೀಚರ್ ಮಾತ್ರ ನಮ್ಮಿಬ್ಬರ ಅಂಗೈ ಒಂದೊಂದಾಗಿ ಮುಟ್ಟಿ ನೋಡಿ, ಒಣಗಿದೆ ಎಂದು ಖುಷಿಪಟ್ಟರು. ಅವರ ಕೋಟಿನಿಂದ ಆ ಪಟ್ಟಿಯ ವಾಸನೆ ಎಂದಿಗಿಂತ ಜಾಸ್ತಿ ಬರುತ್ತಿತ್ತು. ಹಳೆಯ ಬೆನ್ನುನೋವು ಅನ್ನುತ್ತಿದ್ದರು, ನಾವೂ ಹೌದೆಂದುಕೊಂಡೆವು.

ಮರು ಚಳಿಗಾಲ ಅವರು ತಮ್ಮ ಹೊಸವರ್ಷದ ಹಬ್ಬಕ್ಕೆಂದು ಊರಿಗೆ ಹೊರಟರು. ಬಿಲ್ಡಿಂಗ್ ಗೇಟಿನಲ್ಲಿ ಟ್ಯಾಕ್ಸಿ ನಿಂತಿತ್ತು, ಗಂಡ ಪೆಟ್ಟಿಗೆ ಇಡುತ್ತಿದ್ದರು. ಟೀಚರ್ ನನ್ನ ಹತ್ತಿರ ಬಂದು ನನ್ನ ತಲೆ ಮುಟ್ಟಿದರು, ಎರಡೂ ಭುಜ ಮುಟ್ಟಿದರು, ಕೈಗಳನ್ನು ತಮ್ಮ ಕಣ್ಣಿಗೊತ್ತಿಕೊಂಡರು. ನನಗೆ ನಗು. "ಕಾಲೇ ತಾಗಲಿಲ್ಲವಲ್ಲ ಟೀಚರ್," ಎಂದೆ. "ಆಗೇ ಕೆ ಲಿಯೇ," ಎಂದರು. ಮುಂದಕ್ಕೆ. ತಮಾಷೆ ಎಂದುಕೊಂಡು ನಾನೂ ಹಾಗೇ ಮಾಡಿ ಕೈ ಬೀಸಿದೆ.

ಅದಾದ ಕೆಲವೇ ವಾರಗಳಲ್ಲಿ ರೋಗ ಬಂದು ಲೋಕವೆಲ್ಲ ಬಾಗಿಲು ಹಾಕಿಕೊಂಡಿತು. ರಿಂಕ್ ಮುಚ್ಚಿತು, ಮತ್ತೆ ತೆರೆಯಲಿಲ್ಲ. ಸ್ವಲ್ಪ ದಿನ ಫೋನಿಗೆ ಫೋಟೋ ಬರುತ್ತಿತ್ತು, ಹಿಮ, ಒಂದು ಬಟ್ಟಲು, ಕಿಟಕಿ. ಆಮೇಲೆ ಅದೂ ನಿಂತಿತು. ಒಂದು ಮಧ್ಯಾಹ್ನ ನನ್ನ ಜೋಡಿ ಫೋನ್ ಮಾಡಿ, "ಟೀಚರ್ ಹೋದ್ರಂತ. ಅವ್ರ ಗಂಡ ಮೆಸೇಜ್ ಹಾಕ್ಯಾರ," ಎಂದ. ಬೆನ್ನುನೋವು ಬರೀ ಬೆನ್ನುನೋವಾಗಿರಲಿಲ್ಲವಂತೆ, ಹೊಟ್ಟೆಯೊಳಗಿನ ಗಡ್ಡೆಯಂತೆ. ಗೇಟಿನಲ್ಲಿ ನಿಂತ ಆ ಬೆಳಿಗ್ಗೆ ಅವರಿಗೆ ಅದು ಗೊತ್ತಿತ್ತೇ? ಅವರ ಗಂಡನನ್ನು ಕೇಳಲು ಧೈರ್ಯವಾಗಿಲ್ಲ. ಗೊತ್ತಿತ್ತು ಎಂದಾದರೆ... ಬಾಕಿ ಇಡದೆ ಹೋದರು ಎಂದು ಲೆಕ್ಕ. ನನಗೆ ಅದು ಸಮಾಧಾನವಲ್ಲ. ತುಂಬ ಅಳು ಬರುತ್ತದೆ.

ಮೊನ್ನೆ ಅಂಧೇರಿ ಬರುತ್ತಿದ್ದಂತೆ ಇಳಿಯುವವರ ನೂಕುನುಗ್ಗಲು ಶುರುವಾಯಿತು. ಪಟ್ಟಿ ಅಂಟಿಸಿದ ಆ ಹೆಂಗಸಿನ ಚಪ್ಪಲಿ ನನ್ನ ಪಾದಕ್ಕೆ ತಾಗಿತು. ಅವಳು ತಕ್ಷಣ ಕಂಬ ಬಿಟ್ಟು, ಬಾಗಿ ನನ್ನನ್ನು ಮುಟ್ಟಿ, ಕೈ ಕಣ್ಣಿಗೊತ್ತಿಕೊಂಡಳು. ಬಾಗಿಲು ತೆರೆದೇ ಇತ್ತು, ಗಾಡಿ ಇನ್ನೂ ಓಡುತ್ತಿತ್ತು, ಆಗಲೇ ಜರ್ಕ್ ಹೊಡೆಯಿತು. ನನ್ನ ಹೊಟ್ಟೆ ಬಾಯಿಗೆ ಬಂತು, ಕಣ್ಣು ಮುಚ್ಚಿಹೋಯಿತು. ಕಣ್ಣು ಬಿಟ್ಟು ನೋಡುತ್ತೇನೆ, ನನ್ನ ಕೈ ಅವಳ ಮಣಿಕಟ್ಟನ್ನು ಹಿಡಿದಾಗಿತ್ತು. ಅವಳು ಗಾಬರಿಯಲ್ಲಿ ನಕ್ಕು, ಸಾವರಿಸಿಕೊಂಡು, ಇಳಿದು ಹೋದಳು. ಜನ ಹತ್ತಿದರು, ಗಾಡಿ ಹೊರಟಿತು. ನಾನು ಅಂಗೈ ಬಿಡಿಸಿ ನೋಡಿಕೊಂಡೆ. ಒಣಗಿತ್ತು. ತೋರಿಸಲು ಟೀಚರ್ ಇರಲಿಲ್ಲ.