ಹಿಂಬಾಗಿಲ ಮೊಳೆಯ ಕೋಟು

ಕೈರೋದ ರಂಗಭೂಮಿಯಲ್ಲಿ ಇವತ್ತು ಯಾವ ನಟಿಯ ಮಾತು ಕೊನೆಯ ಸಾಲಿಗೂ ಸ್ಪಷ್ಟವಾಗಿ ಕೇಳಿಸುತ್ತದೋ, ಆಕೆ ಇಜ್ಲಾಲ್ ಶುಕ್ರಿ ಅವರ ಶಿಷ್ಯೆಯೆಂದು ಕಣ್ಣುಮುಚ್ಚಿ ಹೇಳಬಹುದು. ಮೂವತ್ತು ವರ್ಷ ಪಾಠ ಹೇಳಿ ನಾಟಕ ಶಾಲೆಯಿಂದ ನಿವೃತ್ತರಾಗುತ್ತಿರುವ ಅವರನ್ನು ಹೊಗಳಿ ಬರೆಯಲು ನನ್ನನ್ನು, ಈ ಬಹೀಜಾಳನ್ನು, ಪತ್ರಿಕೆಯ ಸಂಪಾದಕರು ಕೇಳಿದ್ದಾರೆ. ಹೊಗಳುತ್ತೇನೆ. ಆದರೆ ಅವರನ್ನು ಕಂಡರೆ ನನಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ಅದನ್ನು ಮುಚ್ಚಿಟ್ಟು ಹೊಗಳಿದರೆ ನಮ್ಮಿಬ್ಬರನ್ನು ಬಲ್ಲವರು ನಗುತ್ತಾರೆ.

ನಾವಿಬ್ಬರೂ ಒಂದೇ ವಾರ ನಾಟಕ ಕಂಪನಿ ಸೇರಿದವರು. ಭಿತ್ತಿಪತ್ರದಲ್ಲಿ ಅವರ ಹೆಸರು ನನ್ನ ಮುಖದಷ್ಟು ದೊಡ್ಡದು. ನನ್ನದು ಮುದ್ರಣಾಲಯದ ವಿಳಾಸದ ಪಕ್ಕದಲ್ಲಿ. ಸಾಲದ್ದಕ್ಕೆ ಮನುಷ್ಯರಾಗಿಯೂ ಅವರು ಒಳ್ಳೆಯವರು, ಅದನ್ನಂತೂ ನನ್ನಿಂದ ಸಹಿಸಲಾಗುತ್ತಿರಲಿಲ್ಲ. ಚಳಿಗಾಲದಲ್ಲಿ ನಾಟಕವಾಡಲು ಅಲೆಗ್ಸಾಂಡ್ರಿಯಾಕ್ಕೆ ಹೋದಾಗ ತುಪ್ಪಳದ ಕೊರಳಿನ ತಮ್ಮ ಕೋಟನ್ನು ಥಿಯೇಟರಿನ ಹಿಂಬಾಗಿಲ ಮೊಳೆಗೆ ನೇತುಹಾಕಿ, "ಸಮುದ್ರದ ಗಾಳಿ ಕಣ್ರೇ, ಮೊದಲು ಹೊರಡೋಳು ಹಾಕ್ಕೊಂಡು ಹೋಗ್ಲಿ" ಎನ್ನುತ್ತಿದ್ದರು. ಹಾಗೆ ಅದನ್ನು ತೊಡದ ಹುಡುಗಿ ನಮ್ಮ ಕಂಪನಿಯಲ್ಲಿರಲಿಲ್ಲ.

ಅಂಥ ಒಂದು ಚಳಿಗಾಲದಲ್ಲಿ ವಾರಪತ್ರಿಕೆಯೊಂದರಲ್ಲಿ ಫೋಟೋ ಬಂತು. ಹೆಂಡತಿ ಮಕ್ಕಳಿದ್ದ ಥಿಯೇಟರ್ ಮಾಲೀಕ ಅಜ್ಮಿ ಬೇ ಬಾಡಿಗೆಗೆ ಹಿಡಿದಿದ್ದ ಕೋಣೆಯಿಂದ ಬೆಳಗ್ಗೆ ಎಂಟಕ್ಕೆ ಹೊರಬರುತ್ತಿರುವ ಹೆಂಗಸಿನ ಬೆನ್ನು. ಮುಖ ಕಾಣದು, ಕೋಟು ಕಾಣುತ್ತದೆ. ಕೆಳಗೆ ಇಜ್ಲಾಲ್ ಅವರ ಹೆಸರು. ಎರಡೇ ದಿನದಲ್ಲಿ ಅವರನ್ನು ಕಂಪನಿಯಿಂದ ಹೊರಹಾಕಿದರು. ಹನ್ನೊಂದು ವರ್ಷ ಯಾರೂ ರಂಗ ಹತ್ತಿಸಲಿಲ್ಲ. ರೇಡಿಯೋದಲ್ಲಿ ಹೆಸರಿಲ್ಲದ ಮುದುಕಿಯರಿಗೆ ದನಿ ಕೊಟ್ಟು ಬದುಕಿ, ಆಮೇಲೆ ನಾಟಕ ಶಾಲೆ ಸೇರಿದರು. ಕಂಪನಿಯಲ್ಲಿ ಅವರ ಪಾತ್ರ ನನಗೆ ಬಂತು. ಮೊದಲ ದಿನವೇ ಯಾರೋ ಮೇಲಿನ ಸಾಲಿನಿಂದ, "ಇಜ್ಲಾಲ್ ಎಲ್ಲಿದಾಳಮ್ಮಾ?" ಎಂದು ಕೂಗಿದರು.

ಆ ಬೆನ್ನು ನನ್ನದು. ಇಷ್ಟು ವರ್ಷ ಹೇಳಲಿಲ್ಲ. ಹೆದರಿಕೆ ಇದ್ದದ್ದು ನಿಜ, ಅದಕ್ಕಿಂತ ಹೆಚ್ಚು ಉರಿ ಇತ್ತು. ನಾನು ಮಾಡಿದ ತಪ್ಪಿಗೂ ಊರು ಅವರನ್ನೇ ಆರಿಸಿಕೊಂಡಿತಲ್ಲ!

ಕಳೆದ ತಿಂಗಳು ಅವರ ಮನೆಗೆ ಹೋಗಿ ಹೇಳಿದೆ. ಕೋಸಿನ ಎಲೆಗೆ ಅಕ್ಕಿ ತುಂಬಿ ಸುತ್ತುತ್ತಿದ್ದವರು ಕೈ ನಿಲ್ಲಿಸಲಿಲ್ಲ.

"ಗೊತ್ತಿತ್ತು ಕಣೇ. ಆ ಫೋಟೋ ತೆಗೆದ ದಿನ ವಾಪಸ್ ಬಂದ ಕೋಟಿನ ಜೇಬಲ್ಲಿ ನಿನ್ನ ಕಿವಿಯೋಲೆ ಸಿಕ್ಕಿತ್ತು."

"ಮತ್ಯಾಕೆ ಬಾಯಿ ಬಿಡ್ಲಿಲ್ಲ?"

"ಬಿಟ್ಟಿದ್ರೆ ನಿನ್ನನ್ನೂ ಓಡಿಸ್ತಿದ್ರು. ಆಮೇಲೆ ನಾಟಕ ಆಡೋರ್ಯಾರು, ನಿಮ್ಮಜ್ಜಿನಾ? ಆದ್ರೆ ಒಂದು ಮಾತು ಬಹೀಜಾ. ನೀನು ನನ್ನ ಪಾತ್ರ ಮಾಡಿದ ಮೊದಲನೇ ದಿನ ಮುಸುಕು ಹಾಕ್ಕೊಂಡು ಮೇಲಿನ ಸಾಲಲ್ಲಿ ಕೂತು ನೋಡ್ದೆ. ಮೂರನೇ ಅಂಕದಲ್ಲಿ ಅದೇನೇ ಆ ಗೋಳಾಟ! ಕೋಟಿನ ವಿಷಯ ಬಿಡು, ಆ ಅಳುವಿಗೆ ಮಾತ್ರ ಕ್ಷಮೆ ಇಲ್ಲ."

ಇಜ್ಲಾಲ್ ಅವರು ಇನ್ನೂ ಬಹುಕಾಲ ಗಟ್ಟಿಮುಟ್ಟಾಗಿ ಬಾಳಲಿ. ಮನೆಯಲ್ಲೇ ಹುಡುಗಿಯರನ್ನು ಕೂರಿಸಿಕೊಂಡು, ಮೂರನೇ ಅಂಕದಲ್ಲಿ ಹೇಗೆ ಅಳಬಾರದೆಂದು ನನ್ನ ಹೆಸರು ಹೇಳಿಯೇ ಕಲಿಸಲಿ. ಸಂಪಾದಕರಲ್ಲಿ ನನ್ನದೊಂದೇ ಬೇಡಿಕೆ: ಆ ಫೋಟೋವನ್ನು ಈ ಪುಟದಲ್ಲಿ ಅಚ್ಚುಹಾಕಿ, ಕೆಳಗೆ ನನ್ನ ಹೆಸರು ಬರೆಯಿರಿ. ದಪ್ಪ ಅಕ್ಷರದಲ್ಲಿ.