ಇಂಚರಾಳನ್ನೇ ನೋಡುತ್ತಿದ್ದ ಹೆಂಗಸು

ದಾವಣಗೆರೆಯ ವಿದ್ಯಾನಗರದಲ್ಲಿ ಹಾಸ್ಟೆಲುಗಳ ಎದುರಿಗೆ ರಶ್ಮಿ ಮತ್ತು ಅವಳ ಗಂಡ ಮಾಲತೇಶ್ ಸಣ್ಣದೊಂದು ಖಾನಾವಳಿ ನಡೆಸುತ್ತಾರೆ. ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಮಗಳು ಇಂಚರಾ ಹುಟ್ಟಿದಾಗ ಬೀದಿಗೆಲ್ಲ ಪೇಡೆ ಹಂಚಿದ್ದರು. ಅವಳು ಹುಟ್ಟಿದ್ದು ಹೇಗೆಂಬುದು ಮಾತ್ರ ಗಂಡ ಹೆಂಡತಿಯ ನಡುವೆಯೇ ಉಳಿದಿತ್ತು. ಅತ್ತೆ ಅಂಜಿನವ್ವನಿಗೂ ಹೇಳಿರಲಿಲ್ಲ. ರಶ್ಮಿಯ ಅಂಡಾಣುಗಳಿಂದ ಮಗುವಾಗುವುದು ಸಾಧ್ಯವಿರಲಿಲ್ಲ. ಯಾರೋ ದಾನಿಯ ಅಂಡಾಣುವಿಗೆ ಮಾಲತೇಶನ ವೀರ್ಯ ಸೇರಿಸಿ, ಆಸ್ಪತ್ರೆಯ ಲ್ಯಾಬಿನಲ್ಲಿ ಭ್ರೂಣ ಬೆಳೆಸಿ, ಅದನ್ನು ರಶ್ಮಿಯ ಗರ್ಭದಲ್ಲಿ ಇಟ್ಟಿದ್ದರು. ಹೊತ್ತವಳು, ಹೆತ್ತವಳು, ಹಾಲೂಡಿಸಿದವಳು ತಾನೇ ಎಂದು ರಶ್ಮಿ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

ಆದರೆ ಮಗು ಬೆಳೆದಂತೆ ತಲೆತುಂಬ ಗುಂಗುರು ಕೂದಲು ಬಂತು. "ನಮ್ಮ ಮನೆತನದಾಗೆ ಯಾರಿಗೂ ಇಲ್ಲ. ಯಾರ್ನ ಹೋಲ್ತೈತೋ ಇದು!" ಎಂದು ಅಂಜಿನವ್ವ ಮುದ್ದಿಗೆ ಅಂದರೂ ರಶ್ಮಿಗೆ ಮುಳ್ಳು ಮುರಿದಂತಾಗುತ್ತಿತ್ತು.

ಹೀಗಿರುವಾಗ ಚೌಡೇಶ್ವರಿ ಊಟಕ್ಕೆ ಬರತೊಡಗಿದಳು. ಹರಿಹರದಿಂದ ದಿನಾ ಬಸ್ಸಿನಲ್ಲಿ ಬಂದು ಕಾಲೇಜೊಂದರ ಆಫೀಸಿನಲ್ಲಿ ಕೆಲಸ ಮಾಡುವವಳು. ಅವಳದೂ ಗುಂಗುರು ಕೂದಲು. ರೊಟ್ಟಿ ಮುರಿಯುತ್ತ ಇಂಚರಾಳನ್ನೇ ನೋಡುತ್ತಿದ್ದಳು. ಒಂದು ದಿನ ಕೇಳಿಯೇಬಿಟ್ಟಳು: "ಪಾಪು ಹುಟ್ಟಿದ್ದು ಯಾವ ತಿಂಗಳ್ರಿ ಅಕ್ಕ?"

"ಅದೆಲ್ಲ ಯಾಕ ಬೇಕು ನಿಮಗೆ?" ಎಂದ ರಶ್ಮಿ ಮಗಳ ರಟ್ಟೆ ಹಿಡಿದು ಒಳಗೆ ಎಳೆದುಕೊಂಡಳು.

"ಅಂಡಾಣು ಕೊಟ್ಟಾಕಿ ಅವಳೇ. ಹುಡುಕ್ಕೊಂಡು ಬಂದಾಳೆ," ಎಂದು ಗಂಡನ ಬಳಿ ಪಿಸುಗುಟ್ಟಿದರೆ ಮಾಲತೇಶ್ ನಕ್ಕುಬಿಟ್ಟ. "ಗುಂಗುರು ಕೂದ್ಲು ಇದ್ದೋರ್ನೆಲ್ಲ ಹಿಡಿಯಾಕ ಹೋದ್ರೆ ಅರ್ಧ ದಾವಣಗೆರೆ ಹಿಡೀಬೇಕಾಗ್ತೈತೆ."

ರಶ್ಮಿಗೆ ನಗು ಬರಲಿಲ್ಲ. ಆಸ್ಪತ್ರೆಗೇ ಹೋಗಿ ಕೇಳಿದಳು.

"ದಾನಿ ಯಾರು ಅಂತ ನಿಮಗೂ ಹೇಳಲ್ಲ, ನೀವ್ಯಾರು ಅಂತ ಅವರಿಗೂ ಹೇಳಲ್ಲ. ಮಗುವಿನ ಮೇಲೆ ಅವರಿಗೆ ಯಾವ ಹಕ್ಕೂ ಇಲ್ಲ. ಕಾನೂನಿನ ಪ್ರಕಾರ ತಾಯಿ ನೀವೇ," ಎಂದರು ಡಾಕ್ಟರಮ್ಮ. ಇವರು ಹೇಳದಿದ್ದರೇನು, ಒಳಗಿನವರು ಯಾರಾದರೂ ಬಾಯಿ ಬಿಟ್ಟಿರಬಹುದಲ್ಲ ಎಂದುಕೊಂಡೇ ರಶ್ಮಿ ಮೆಟ್ಟಿಲಿಳಿದಳು.

ಮರುದಿನ ಊಟದ ಗದ್ದಲ ಮುಗಿದ ಮೇಲೆ ಚೌಡೇಶ್ವರಿಯ ಎದುರಿಗೆ ಬಂದು ಕೂತಳು. "ನಿಜ ಹೇಳ್ರಿ. ನನ್ನ ಮಗಳ ಮೇಲೆ ಯಾಕ ಕಣ್ಣು ನಿಮ್ಮದು?"

ಚೌಡೇಶ್ವರಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟಳು. "ನಮ್ಮ ನಾದಿನಿ ಸುಮಾ ಹರಿಹರದಾಗೆ ಬಳೆ ಅಂಗಡಿ ಇಟ್ಟಾಳೆ. ಅವಳಿಗೆ ಗರ್ಭಕೋಶ ತೆಗೆದಿದ್ರು. ಅವಳ ಅಂಡಾಣು, ಅವಳ ಗಂಡನ ವೀರ್ಯ ತಗೊಂಡು ಲ್ಯಾಬಿನಾಗೆ ಭ್ರೂಣ ಮಾಡಿ ನನ್ನ ಹೊಟ್ಟೆಯಾಗೆ ಇಟ್ರು. ಹೊರೋಳ ಅಂಡಾಣು ಬಳಸಂಗಿಲ್ಲ, ರೊಕ್ಕಕ್ಕೆ ಹೊರಂಗಿಲ್ಲ, ಕಾನೂನೇ ಹಂಗೈತೆ. ಹೊರೋಳಿಗೆ ಸ್ವಂತ ಮಗು ಇರಬೇಕಂತೆ, ನನಗಾಗ್ಲೇ ಒಬ್ಬ ಮಗ ಇದ್ದ, ಹ್ಞೂಂ ಅಂದೆ. ಕೂಸು ನನ್ನ ಹಚ್ಕೊಂತು. ಈಗ ಸುಮಾ ನನ್ನನ್ನ ಅವಳ ಮನೆಯೊಳಗೇ ಬಿಡಂಗಿಲ್ಲ. ನಿಮ್ಮ ಪಾಪುಗೂ ಅಷ್ಟೇ ವಯಸ್ಸಲ್ರಿ. ಅದಕ್ಕ ನೋಡ್ತೀನಿ."

"ಹೆತ್ತೋಳು ನೀವಲ್ಲೇನ್ರಿ? ಜಗಳ ಮಾಡಬೇಕಿತ್ತು."

"ಹೆತ್ರೆ ನನ್ನವನಾಗ್ತಾನೇನ್ರಿ? ಅಂಡಾಣು ಅವಳದೈತಲ್ರಿ."

ಹೆತ್ತವಳೇ ತಾಯಿ ಎಂದು ಇಷ್ಟು ದಿನ ರಶ್ಮಿ ನೆಚ್ಚಿಕೊಂಡಿದ್ದ ಮಾತನ್ನೇ ಈ ಹೆಂಗಸು ಸಲೀಸಾಗಿ ತಳ್ಳಿಹಾಕಿದ್ದಳು. ಕಥೆ ಕಟ್ಟುತ್ತಿದ್ದಾಳೆ ಎನ್ನಿಸಿತು. ಹಾಗೆಂದುಕೊಂಡರೇ ಸಮಾಧಾನವಿತ್ತು.

ಭಾನುವಾರ ಹರಿಹರದ ಬಸ್ಸು ಹತ್ತಿ, ಕೇಳಿಕೊಂಡು ಸುಮಾಳ ಅಂಗಡಿಗೆ ಹೋದಳು. ಗಲ್ಲಾಪೆಟ್ಟಿಗೆಯ ಪಕ್ಕ ಹುಡುಗನೊಬ್ಬ ಆಡುತ್ತಿದ್ದ. ರಶ್ಮಿ ಬಳೆ ನೋಡುವುದು ಬಿಟ್ಟು ಅವನನ್ನೇ ನೋಡಿದಳು.

"ಯಾಕ್ರೀ ಹಂಗೆ ನೋಡ್ತೀರಿ ನನ್ನ ಮಗನ್ನ? ಚೌಡೇಶ್ವರಿ ಕಳಿಸಿದ್ಲೇನು?" ಎಂದ ಸುಮಾ ಹುಡುಗನ ರಟ್ಟೆ ಹಿಡಿದು ಪರದೆಯ ಹಿಂದಕ್ಕೆ ಎಳೆದಳು. ಹುಡುಗ ನೋವಿಗೆ ಅತ್ತ.

ರಶ್ಮಿ ಬೇಡದ ಬಳೆ ಕೊಂಡು ಹೊರಬಿದ್ದಳು. ಚೌಡೇಶ್ವರಿ ಹೇಳಿದ್ದು ಸುಳ್ಳಲ್ಲ. ಆದರೆ ದಾರಿಯುದ್ದಕ್ಕೂ ಕಣ್ಣ ಮುಂದೆ ನಿಂತದ್ದು ಸುಮಾಳ ಮುಖ. ತಾನೂ ಹಾಗೆಯೇ ಕಾಣುತ್ತಿದ್ದಿರಬೇಕು ಎಂದುಕೊಂಡು ನಾಚಿದಳು.

ಸೋಮವಾರ ಚೌಡೇಶ್ವರಿ ಬಂದಾಗ ಮಗಳನ್ನು ಒಳಗೆ ಕಳಿಸಲಿಲ್ಲ. "ಕೂಡ್ರಿ. ಬೇಕಾದ್ರೆ ಎತ್ತಿಕೊಳ್ರಿ," ಎಂದಳು. ತಮ್ಮ ಗುಟ್ಟನ್ನು ಮಾತ್ರ ಇವತ್ತಿಗೂ ಹೇಳಿಲ್ಲ. ಇಂಚರಾ ಚೌಡೇಶ್ವರಿಯ ತೊಡೆಯ ಮೇಲೆ ಕೂತು ಮೊಸರನ್ನ ತಿನ್ನುವಾಗ, ರಶ್ಮಿ ಬೇರೆಯವರಿಗೆ ಬಡಿಸುತ್ತಲೇ ಅತ್ತ ಒಂದು ಕಣ್ಣಿಟ್ಟಿರುತ್ತಾಳೆ.