ಹಗಲು ಹೊತ್ತಿನ ಬೇಲಿ

ಒದ್ದೆ ಬಟ್ಟೆ ಹಿಂಡುವ ಸದ್ದು ಕೇಳಿದರೆ ಈಗಲೂ ಮೊದಲು ತಂತಿ ಎಲ್ಲಿದೆ ಎಂದು ನೋಡುತ್ತೇನೆ.

ನಾನು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ಪಾಠ ಮಾಡುವವಳು. ಬೇರೆ ಯಾರೂ ಒಪ್ಪಿಕೊಳ್ಳದ ವೃತ್ತಿನೀತಿಯ ವಿಷಯವೂ ನನ್ನ ಪಾಲಿಗೇ ಬಂದಿದೆ. ನೀವು ಮಾಡಿದ ಕೆಲಸದಿಂದ ಜನಕ್ಕೆ ಅಪಾಯ ಆಗಬಾರದು, ಆಗುವಂತಿದ್ದರೆ ಮೊದಲೇ ಹೇಳಬೇಕು, ಇಂಥವು. ಹುಡುಗರು ಬಾಯಿಪಾಠ ಮಾಡಿ ಚೆನ್ನಾಗಿಯೇ ಬರೆಯುತ್ತಾರೆ. ಎಲ್ಲರಿಗಿಂತ ಚೆನ್ನಾಗಿ ಬರೆದವನ ಊರಿಗೇ ಅಂದು ಹೋಗಿದ್ದೆ.

ಎಚ್.ಡಿ. ಕೋಟೆ ದಾಟಿ ಬೀಚನಹಳ್ಳಿ ಕಡೆ, ಕಾಡಂಚಿನ ಹೊಲ. ಅಲ್ಲೆಲ್ಲ ಸೋಲಾರ್ ಬೇಲಿ. ರಾತ್ರಿ ಆನೆ, ಹಂದಿ ಮುಟ್ಟಿದರೆ ಫಟ್ಟನೆ ಹೊಡೆಯುತ್ತದೆ, ಕೊಲ್ಲುವುದಿಲ್ಲ. ಬೆಳಗಾದರೆ ಆಫ್. ಆಮೇಲೆ ಅದು ಬಟ್ಟೆ ಒಣಗಿಸುವ ತಂತಿ. ಊರಿಗೂರೇ ಹಾಗೆ. ಬೇಲಿ ಮುಟ್ಟಿದ ಕೂಡಲೇ ಮನೆಯವರ ಫೋನಿಗೆ ಮೆಸೇಜು ಬರುವ ಏರ್ಪಾಡು ಆ ವಿದ್ಯಾರ್ಥಿಯ ಪ್ರಾಜೆಕ್ಟು. ಅದನ್ನು ನೋಡಿ ಮಾರ್ಕ್ಸ್ ಹಾಕಬೇಕಿತ್ತು.

ಮೋಡ ಮುಚ್ಚಿಕೊಂಡಿದ್ದರಿಂದ ಬ್ಯಾಟರಿ ಕೂತುಹೋಗಿತ್ತು. "ಒಂದ್ನಿಮ್ಸ ಮೇಡಂ" ಎಂದು ಪಂಪ್‌ಸೆಟ್ ಕೋಣೆಗೆ ಹೋಗಿ ಬಂದ. ಒಂದು ಹಸಿ ಕೊಂಬೆಯನ್ನು ತಂತಿಗೆ ತಾಗುವಂತೆ ಎಸೆದ. ಫೋನು ಟಿಂಗ್ ಎಂದಿತು.

"ಬಂತು ನೋಡಿ ಮೇಡಂ!"

"ಬ್ಯಾಟರಿ ಇರಲಿಲ್ಲವಲ್ಲೋ?"

"ಮೋಟ್ರು ಲೈನಿಂದ ಡೈರೆಕ್ಟಾಗಿ ಕೊಟ್ಟಿವ್ನಿ. ಒಂದ್ ಗಳಿಗೆ ತಾನೆ, ತೋರ್ಸಿ ತೆಗುದ್ಬುಡ್ತೀನಿ."

ಮೋಟಾರು ಓಡಿಸುವ ಕರೆಂಟು, ಬರಿಯ ತಂತಿಯಲ್ಲಿ, ಹೊಲದ ಉದ್ದಕ್ಕೂ. ತೆಗೆ ಎನ್ನಲು ಬಾಯಿ ತೆರೆದೆ. ಅವನ ಬೆನ್ನ ಹಿಂದೆ, ಬೇಲಿ ತಿರುಗುವಲ್ಲಿ, ಅವನ ದೊಡ್ಡವ್ವ ಬಕೆಟ್ ಇಳಿಸಿ ಸೀರೆ ಹಿಂಡುತ್ತಿದ್ದರು. ಬರಿಗಾಲು. ಕೆಸರು.

"ಅಮ್ಮಾ!" ಎಂದು ಕಿರುಚಿದೆ. ಮಾತಾಡಿಸುತ್ತಿದ್ದೇನೆ ಎಂದುಕೊಂಡು ಅವರು ನಕ್ಕರು.

"ಬನ್ನಿ ಮೇಡಮ್ನೋರೆ, ಕಾಪಿ ಕುಡ್ಕೊಂಡು ಓಗೀರಂತೆ" ಎನ್ನುತ್ತಲೇ ಸೀರೆಯನ್ನು ತಂತಿಯತ್ತ ಎತ್ತಿದರು.

"ದೊಡ್ಡವ್ವಾ, ಬುಡು! ಕೆಳಿಕ್ ಬುಡು!"

ಅವನ ದನಿಗೆ ಬೆಚ್ಚಿ ಕೈಬಿಟ್ಟರು. ಸೀರೆ ಕೆಸರಿಗೆ ಬಿತ್ತು. ಅವನು ಕೋಣೆಗೆ ಓಡಿದ.

"ಯಾಕ್ಲಾ ಅಂಗ್ ಬಡ್ಕತೀಯ? ಒಗುದ್ ಸೀರೆ ಮಣ್ಣಾಯ್ತಲ್ಲ! ಮೇಡಂ ಬಂದವ್ರೆ ಅಂತ ದವಲತ್ತಾ?" ಬೈಯುತ್ತ ಸೀರೆ ಎತ್ತಿಕೊಳ್ಳಲು ಬಾಗಿದರು. ಬೇಲಿಯ ಕೆಳಗಿನ ಎಳೆ ಅವರ ಭುಜದ ಮಟ್ಟಕ್ಕೆ ಬಂತು.

ಮತ್ತೆ ಮತ್ತೆ ನನ್ನ ಕಣ್ಣಿಗೆ ಕಟ್ಟುವುದು ಆ ಗಳಿಗೆ. ಕೋಣೆಯಲ್ಲಿ ಸ್ವಿಚ್ಚು ಬಿದ್ದ ಸದ್ದು ಮೊದಲೋ, ಅವರ ಭುಜ ತಂತಿಗೆ ತಾಗಿದ್ದು ಮೊದಲೋ, ಇವತ್ತಿಗೂ ಹೇಳಲಾರೆ. ಅವರು ಸೀರೆ ಎತ್ತಿಕೊಂಡು ನೆಟ್ಟಗೆ ನಿಂತರು. ಅಷ್ಟೇ.

"ದೊಡ್ಡವ್ವಂಗೆ ಏಳ್ಬ್ಯಾಡಿ ಮೇಡಂ" ಎಂದು ಬಂದ. ತುಟಿ ಬಿಳಿಚಿತ್ತು.

"ನಾನು ಹೇಳುವುದಿಲ್ಲ. ನೀನೇ ಹೇಳು."

ಹೇಳಿದ. ಏನೂ ಮುಚ್ಚಿಡಲಿಲ್ಲ. ಅವರು ಹೆದರಲಿಲ್ಲ. ಕಣ್ಣು ಅರಳಿತು.

"ಅಂಗಾರೆ ರಾತ್ರಿಗೂ ಅದ್ನೇ ಕೊಡ್ಲಾ! ಅಂದಿ ನುಗ್ಗಿ ಜ್ವಾಳನೆಲ್ಲ ತಿಂದಾಕ್ತಾವೆ. ಸಾಯ್ಲಿ ಬುಡು."

"ಈಗ ನೀನೇ ಸಾಯ್ತಿದ್ದೆ ಕಣವ್ವ!"

"ರಾತ್ರಿ ನಾನ್ಯಾಕ್ಲಾ ಬಟ್ಟೆ ಆಕಾನೆ?"

ಅವನು ನನ್ನ ಮುಖ ನೋಡಿದ. ಆಮೇಲೆ ದೊಡ್ಡವ್ವನ ಕಡೆ ತಿರುಗಿ ಅವನೇ, "ರಾತ್ರಿ ಜ್ವಾಳಕ್ಕೆ ನೀರ್ ಕಟ್ಟಾಕೆ ಯಾರ್ ಓಗೋದು? ಅಪ್ಪ ತಾನೆ?" ಎಂದ.

ಅವರು ಮಣ್ಣಾದ ಸೀರೆಯನ್ನು ಬಕೆಟ್ಟಿಗೆ ಹಾಕಿಕೊಂಡರು. ಒಪ್ಪಿದರೋ, ಹಂದಿಯನ್ನೇ ಲೆಕ್ಕ ಹಾಕುತ್ತಿದ್ದರೋ ತಿಳಿಯಲಿಲ್ಲ.

ಹೊರಡುವಾಗ ಅವನು ಮೋಟಾರಿನಿಂದ ಬೇಲಿಗೆ ಎಳೆದಿದ್ದ ವೈರನ್ನು ಸುತ್ತಿ ನನ್ನ ಚೀಲಕ್ಕೆ ಹಾಕಿದ. "ನೀವೇ ತಗೊಂಡೋಗಿ ಮೇಡಂ. ಮನೇಲಿದ್ರೆ ಯಾರಾದ್ರೂ ಬೇಲಿಗೆ ಕೊಟ್ಬುಡ್ತಾರೆ."

ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ. ಆದರೆ ಮೋಟಾರಿರುವ ಮನೆಯಲ್ಲಿ ವೈರ್‌ಗೇನು ಬರ? ಸಂಜೆಯಾದರೆ ಅವನಿಗೆ ಫೋನ್ ಮಾಡುತ್ತೇನೆ. "ಬ್ಯಾಟ್ರೀಲೇ ಅದೆ ಮೇಡಂ" ಎನ್ನುತ್ತಾನೆ. ದೊಡ್ಡವ್ವನಿಗೆ ಫೋನ್ ಕೊಡು ಎನ್ನುತ್ತೇನೆ. ಅಪ್ಪ ಎಲ್ಲಿದ್ದಾರೆ ಎಂದೂ ಕೇಳುತ್ತೇನೆ.